ಹಕ್ಕನ್ನು ಕೇಳುವದೂ ಭಿಕ್ಷೆ ಬೇಡುವದೂ

ನಮ್ಮಿಂದ ಆರಿಸಲ್ಪಟ್ಟವರ ಬಳಿಗೆ ಹೋಗಿ ಊರಿನ ಕೊರತೆಯನ್ನು ತಿಳಿಸುವದು ಯೋಗ್ಯವೋ, ಯೋಗ್ಯವಾದರೆ ಅದನ್ನು ಯಾವ ರೀತಿಯಲ್ಲಿ ಮಾಡತಕ್ಕದ್ದು ಎಂಬ ಪ್ರಶ್ನೆಯು ಹಳ್ಳಿಗಳಲ್ಲಿ ಆಗಾಗ ಏಳುವದುಂಟು. ಕೆಲವರು, "ದೊಡ್ಡವರ ಬಾಗಲಿಗೆ ಹೋಗಿ ಕೈಯೊಡ್ಡುವದು ಮಾನಗೇಡು, ಬಂದದ್ದನ್ನು ತಾಳಿಕೊಂಡಿರುವದೇ ಲೇಸು" ಅನ್ನುತ್ತಾರೆ. ಬೇರೆ ಕೆಲವರು ದಿನಾಲು ಆ ಬಾಗಲಲ್ಲಿಯೇ ಕೂತು, ಮಗನಿಗೆ ನೌಕರಿ, ಅಳಿಯನಿಗೆ ಗುತ್ತಿಗೆ ಎಂದು ಶಿಫಾರಸನ್ನು ಬೇಡುತ್ತಾರೆ. ಮೊದಲಿನವರು ಹಕ್ಕನ್ನು ಭಿಕ್ಷೆಯೆಂದೆಣಿಸಿ ಬಿಟ್ಟುಬಿಟ್ಟರು. ಎರಡನೆಯವರು ಭಿಕ್ಷೆಯನ್ನು ಹಕ್ಕೆಂದೆಣಿಸಿ ಹಿಡಿದುಕೊಂಡರು. ಇವೆರಡರ ಭೇದವನ್ನು ತುಸು ವಿಚಾರಿಸೋಣ.

ಬೀದರಿನ ಮೂಡಲಿಗಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಶಾಹನು 1436ರಲ್ಲಿ ತೀರಿಹೋಗಿ ಅಲ್ಲಿಯೇ ಹೂಣಲ್ಪಟ್ಟನು. ಅಂಥ ದೊರೆಗಳ ಕಾಲದಲ್ಲಿ ಒಕ್ಕಲಿಗನು ಮೊರೆಯಿಟ್ಟರೆ ಅದು ದಯೆಯನ್ನು ಬೇಡುವದೇ ಆಗಿತ್ತು. ಯಾಕಂದರೆ ದೊರೆಯ ಅಧಿಕಾರವು ಒಕ್ಕಲಿಗನಿಂದ ಬಂದದ್ದಲ್ಲ. ಕೊಟ್ಟರೆ ಕೃಪೆ, ಕೊಡದಿದ್ದರೆ ಕೇಳುವವರಿಲ್ಲ. 1948ರಲ್ಲಿ ನಿಜಾಮನ ಆಳಿಕೆಯು ಮುಗಿಯುವ ವರೆಗೂ ಈ ಸೀಮೆಯ ಸ್ಥಿತಿಯು ಬಹಳ ಮಟ್ಟಿಗೆ ಹೀಗೆಯೇ ಇತ್ತು. ಈಗಲಾದರೋ ಶಾಸಕನೂ ಸಂಸದನೂ ಪಂಚಾಯತಿಯ ಸದಸ್ಯನೂ ಐದು ವರುಷಗಳ ಅವಧಿಗೆ ನಮ್ಮ ಮತದಿಂದ ನೇಮಿಸಲ್ಪಟ್ಟವರು. ಹೊಲವನ್ನು ಪಾಲಿಗೆ ಕೊಟ್ಟವನು ಸುಗ್ಗಿಯಲ್ಲಿ ಲೆಕ್ಕ ಕೇಳಿದರೆ ಅದನ್ನು ಭಿಕ್ಷೆಯೆಂದು ಯಾರು ಕರೆದಾರು?

ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಳಿಗೆ ಪದೇಪದೇ ಬರುತ್ತಿದ್ದ ವಿಧವೆಯ ಸಾಮ್ಯವು ನಿಮಗೆ ಗೊತ್ತಿದೆ. ಆಕೆಗೆ ಆ ಮನುಷ್ಯನನ್ನು ನೇಮಿಸುವ ಶಕ್ತಿಯಾಗಲಿ ತೆಗೆದುಹಾಕುವ ಶಕ್ತಿಯಾಗಲಿ ಇರಲಿಲ್ಲ. ಬೇಸರವಿಲ್ಲದೆ ಕೇಳುವ ಬಾಯಿ ಮಾತ್ರ ಇತ್ತು. ನಮಗೆ ಬಾಯಿಯೂ ಉಂಟು, ಮತವೂ ಉಂಟು. ಹೀಗಿರಲಾಗಿ ನಾವು ಮೌನವಾಗಿರುವದಕ್ಕೆ ತಾಳ್ಮೆ ಎಂಬ ಹೆಸರು ಸಲ್ಲದು. ನೆರೆಯವನ ಮಗುವು ಕೆಟ್ಟ ನೀರನ್ನು ಕುಡಿಯುವಾಗ ಸುಮ್ಮನಿರುವದು ತಾಳ್ಮೆಯಲ್ಲ, ಅಲಕ್ಷ್ಯವೇ.

ಆದರೆ ಏನನ್ನು ಕೇಳಬಹುದು? "ಊರಿಗಾಗಿ ಕೇಳುವದು ಒಳ್ಳೇದು, ತನಗಾಗಿ ಕೇಳುವದು ಕೆಟ್ಟದ್ದು" ಎಂದು ಹೇಳಿಬಿಟ್ಟರೆ ಸಾಲದು. ಮುದುಕಿಯೊಬ್ಬಳು ನಿಂತುಹೋದ ತನ್ನ ಮಾಸಾಶನವನ್ನು ತನಗಾಗಿಯೇ ಕೇಳುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಇತ್ತ ಇಡೀ ಓಣಿಯವರು ಕೂಡಿ, ಪಕ್ಕದ ಕೇರಿಯ ನಳವನ್ನು ಕಿತ್ತು ತಮ್ಮಲ್ಲಿ ಹಾಕಿಸಬೇಕೆಂದು ಕೇಳಿದರೆ, ಕೇಳಿದವರು ನೂರು ಮಂದಿಯಾದ ಮಾತ್ರಕ್ಕೆ ಅದು ನ್ಯಾಯವಾಗುವದಿಲ್ಲ. ಆದದರಿಂದ ಒರೆಗಲ್ಲು ಬೇರೆ ಇದೆ: ನನ್ನ ಸ್ಥಿತಿಯಲ್ಲಿರುವ ಪ್ರತಿಯೊಬ್ಬನಿಗೂ ಇದು ಸಿಕ್ಕಬೇಕೆಂದು ನಾನು ಒಪ್ಪುವೆನೋ? ನನಗೆ ಆಗದವನೂ ಕೇಳುವಂತೆ ಈ ಅರ್ಜಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬಲ್ಲೆನೋ? ಓದಬಹುದಾದದ್ದು ಹಕ್ಕು. ಕಿವಿಯಲ್ಲಿ ಮಾತ್ರ ಹೇಳಬಹುದಾದದ್ದರಲ್ಲಿ ಇನ್ನೊಬ್ಬನ ಪಾಲು ಅಡಗಿರುತ್ತದೆ.

ಇನ್ನು ರೀತಿಯ ವಿಷಯ. ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವದಕ್ಕೆ 1953ರಲ್ಲಿ ನೇಮಿಸಲ್ಪಟ್ಟ ಫಜಲ್ ಅಲಿ ಆಯೋಗದ ಕೈಗೆ 1,52,250 ಪತ್ರಗಳು ಬಂದವು. ಅವುಗಳಲ್ಲಿ ಬಹುಭಾಗವು ತಂತಿಗಳೂ ಅಚ್ಚುಹಾಕಿಸಿದ ಠರಾವುಗಳೂ ಆಗಿದ್ದವೆಂದೂ, ಚೆನ್ನಾಗಿ ವಿಚಾರಿಸಿ ಬರೆದ ಮನವಿಗಳು ಸುಮಾರು 2,000ಕ್ಕೆ ಮೀರಲಿಲ್ಲವೆಂದೂ ಆಯೋಗವು ತಿಳಿಸಿತು. ಗದ್ದಲವು ಎಣಿಕೆಗೆ ಬಂತು, ವಿಚಾರವು ಓದಿಸಿಕೊಂಡಿತು. ಅದೇ ಆಯೋಗವು 1955ರಲ್ಲಿ ಬೀದರ ಜಿಲ್ಲೆಯನ್ನು ಉಳಿದ ಹೈದರಾಬಾದಿನೊಂದಿಗೆ ಇಡಬೇಕೆಂದು ಸೂಚಿಸಿತ್ತು. ಆದರೂ 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದ ಮೊದಲಾದ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿಗೆ ಹೋದವು. ನಾರಾಯಣಖೇಡವೂ ಜಹೀರಾಬಾದಿನ ಹೆಚ್ಚಿನ ಭಾಗವೂ ಆಂಧ್ರಕ್ಕೆ ಹೋದವು. ದೊಡ್ಡವರ ವರದಿಯೂ ಕೊನೆಯ ಮಾತಲ್ಲವೆಂಬದು ಇದರಿಂದ ತಿಳಿಯುತ್ತದೆ.

ಎರಡನೇ ದೃಷ್ಟಾಂತವು ಇನ್ನೂ ಹತ್ತಿರದ್ದು. ಹೈದರಾಬಾದ ಕರ್ನಾಟಕವು ಹಿಂದುಳಿದಿದೆ ಎಂದು ಅಳುವದು ಹಳೆಯ ವಾಡಿಕೆ. ಆದರೆ ವೈಜನಾಥ ಪಾಟೀಲರೂ ಅವರ ಸಂಗಡಿಗರೂ ಅಳುವದನ್ನು ಬಿಟ್ಟು, ಇಂಥದೇ ಬೇಕು ಎಂದು ಬೆರಳಿಟ್ಟು ತೋರಿಸಿದರು. ನೆರೆಯ ಆಂಧ್ರಕ್ಕೆ 1973ರ ತಿದ್ದುಪಡಿಯಿಂದ ಸಂವಿಧಾನದ 371ಡಿ ವಿಧಿಯು ದೊರಕಿರಲಾಗಿ, ಅಂಥದೇ ವಿಧಿಯು ನಮಗೂ ಬೇಕೆಂದು ಕೇಳಿದರು. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು ಎಂದು ಲೆಕ್ಕ ಕೊಟ್ಟಾಗ ಅವರ ಮಾತಿಗೆ ಆಧಾರ ಸಿಕ್ಕಿತು. ಕೇಂದ್ರ ಸರಕಾರವು ಒಮ್ಮೆ ಇಲ್ಲವೆಂದಿತು, ಇವರು ಬಿಡಲಿಲ್ಲ. ಬೇರೆ ಬೇರೆ ಪಕ್ಷದವರೂ ದನಿಗೂಡಿಸಿದರು. ಕಡೆಗೆ 2012ರ ಡಿಸೆಂಬರದಲ್ಲಿ ಪಾರ್ಲಿಮೆಂಟು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ, 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂತು. ಈಗ ಈ ಪ್ರಾಂತದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಳಗಳು ಇಲ್ಲಿಯ ಮಕ್ಕಳಿಗೆ ಮೀಸಲಾಗಿವೆ. ಬೇಡಿಕೆಯು ಸ್ಪಷ್ಟವಾಗಿರಬೇಕು, ಲೆಕ್ಕದ ಆಧಾರವಿರಬೇಕು, ಒಂದು ಪಕ್ಷದ ಸೊತ್ತಾಗಬಾರದು, ಒಂದು 'ಇಲ್ಲ'ಕ್ಕೆ ಸೋಲಬಾರದು ಎಂಬ ನಾಲ್ಕು ಪಾಠಗಳು ಇದರಲ್ಲಿವೆ.

ಐದನೇದು, ಯಾರನ್ನು ಕೇಳಬೇಕೆಂಬ ತಿಳುವಳಿಕೆ. ಅಷ್ಟೂರಿನ ಗೋರಿಗಳು ಕೇಂದ್ರದ ಪುರಾತತ್ವ ಇಲಾಖೆಯ ಕಾವಲಿನಲ್ಲಿವೆ. 2010ರ ಕಾಯಿದೆಯ ಮೇರೆಗೆ ಅಂಥ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಬೇಕು. ಇಂಥಾ ಸ್ಥಳದಲ್ಲಿ ಮನೆಯ ಮಾತಿಗಾಗಿ ಪಂಚಾಯತಿಯ ಸದಸ್ಯನನ್ನು ಬೈದರೆ ಏನು ಫಲ? ಕೇಂದ್ರದ ಮಾತನ್ನು ಸಂಸದನ ಬಳಿಗೂ, ರಾಜ್ಯದ ಮಾತನ್ನು ಶಾಸಕನ ಬಳಿಗೂ, ಓಣಿಯ ದೀಪ ಚರಂಡಿಗಳ ಮಾತನ್ನು ಗ್ರಾಮ ಪಂಚಾಯತಿಗೂ ಒಯ್ಯಬೇಕು. ಕರ್ನಾಟಕದ 1993ರ ಪಂಚಾಯತ ಕಾಯಿದೆಯಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು. ಅಲ್ಲಿ ಕೂಡದೆ ಕಟ್ಟೆಯ ಮೇಲೆ ಕೂತು ಗೊಣಗುವವನ ಮಾತು ಯಾವ ಪುಸ್ತಕದಲ್ಲಿಯೂ ಬರೆಯಲ್ಪಡುವದಿಲ್ಲ.

ಅರ್ಜಿಯು ಒಂದು ಹಾಳೆಯನ್ನು ಮೀರದಿರಲಿ. ಒಂದೇ ಸಂಗತಿ, ತಾರೀಖು, ಸ್ಥಳ, ಬಾಧೆಪಟ್ಟ ಮನೆಗಳ ಎಣಿಕೆ ಇರಲಿ. ನಮ್ಮ ಜನರಷ್ಟೇ ಅಲ್ಲ, ಎಲ್ಲಾ ಕೇರಿಗಳವರೂ ರುಜು ಹಾಕಲಿ. ಅಷ್ಟೂರಿನ ಜಾತ್ರೆಗೆ ಹಿಂದುಗಳೂ ಮುಸಲ್ಮಾನರೂ ಕೂಡಿ ಬರುವವರು ಬಾವಿಯ ಅರ್ಜಿಗೆ ಕೂಡಲಾರರೋ? ಕೊಟ್ಟದ್ದಕ್ಕೆ ಸ್ವೀಕೃತಿಯನ್ನು ಬರೆಸಿಕೊಳ್ಳಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ, ನಮ್ಮ ಅರ್ಜಿಯು ಏನಾಯಿತೆಂದು ಕೇಳಿರಿ. 30 ದಿವಸಗಳಲ್ಲಿ ಉತ್ತರ ಕೊಡುವದು ಅವರ ಕರ್ತವ್ಯ. ಕೆಲಸವಾದ ಮೇಲೆ ವಂದನೆಯ ಪತ್ರವನ್ನೂ ಬರೆಯಿರಿ. ಬೈಗಳನ್ನು ಮಾತ್ರ ಕೇಳುವ ಕಿವಿಯು ಬೇಗನೆ ಮುಚ್ಚಿಕೊಳ್ಳುತ್ತದೆ.

ಆದರೆ ಇವೆಲ್ಲವುಗಳನ್ನು ಒಂದೇ ರಾತ್ರಿಯಲ್ಲಿ ಕೆಡಿಸುವಂಥದ್ದು ಒಂದಿದೆ. ಚುನಾವಣೆಯ ಮುನ್ನಾ ದಿನ ನೋಟನ್ನೋ ಸೀರೆಯನ್ನೋ ತೆಗೆದುಕೊಂಡವನು ತನ್ನ ಪಾಲನ್ನು ಮುಂಗಡವಾಗಿ ಮಾರಿಬಿಟ್ಟನು. ಐದು ವರುಷ ಅವನು ಲೆಕ್ಕ ಕೇಳಹೋದಾಗ, "ನಿನ್ನ ಬಾಕಿ ತೀರಿತಲ್ಲಾ" ಎಂಬ ಉತ್ತರವು ಬಾಯಿಂದ ಬಾರದಿದ್ದರೂ ಮುಖದಲ್ಲಿ ಕಾಣುವದು. ಬಡವನಿಗೆ ಆ ನೋಟು ದೊಡ್ಡದೆಂಬದು ನಿಜವೇ. ಆದರೆ ಅವನಿಗಿರುವ ಬೇರೆ ಆಸ್ತಿಯು ಅಲ್ಪವಾದದರಿಂದಲೇ ಮತವು ಅವನಿಗೆ ಶ್ರೀಮಂತನಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಮಾರದವನು ಹರಕು ಅಂಗಿಯಲ್ಲಿ ಹೋದರೂ ಯಜಮಾನನಾಗಿಯೇ ಹೋಗುತ್ತಾನೆ. ಮಾರಿದವನು ರೇಶ್ಮೆಯುಟ್ಟು ಹೋದರೂ ಭಿಕ್ಷುಕನೇ.