ಗೆರೆ ದಾಟಿದ ಮೇಲೂ

ಗುತ್ತಲಿನಲ್ಲಿ ಕೂತು ಮೊಬೈಲಲ್ಲಿ ರೇಸ್ ನೋಡೋ ನಮಗೆ ಗೆರೆ ಮೊದಲು ದಾಟಿದವರೇ ಗೆದ್ದವರು, ಅಲ್ವಾ?

2018ರ ಆಗಸ್ಟ್, ಜಕಾರ್ತದ ಏಷ್ಯನ್ ಗೇಮ್ಸ್. 4×400 ಮೀಟರ್ ಮಿಶ್ರ ರಿಲೇಯಲ್ಲಿ ನಮ್ಮ ಮಂಗಳೂರಿನ ಪೂವಮ್ಮ ಮತ್ತು ಅನಸ್, ಹಿಮಾ ದಾಸ್, ಆರೋಕ್ಯ ರಾಜೀವ್ ಓಡಿದರು. ಬಹ್ರೇನ್ ಸುಮಾರು 4 ಸೆಕೆಂಡ್ ಮುಂಚೆಯೇ ಮುಗಿಸಿತು. ನಮ್ಮವರಿಗೆ ಬೆಳ್ಳಿ.

2020ರ ಜುಲೈನಲ್ಲಿ ಆ ಬೆಳ್ಳಿ ಚಿನ್ನವಾಯಿತು. ಬಹ್ರೇನ್‌ನ ಕೆಮಿ ಅಡೆಕೊಯಾ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರಿಂದ ಅವರ ತಂಡ ಅನರ್ಹವಾಗಿತ್ತು. ನ್ಯಾಯ ಸಿಕ್ಕಿತು, ನಿಜ. ಆದರೆ ಆ ಸಂಜೆ ಏರದೇ ಹೋದ ಮೇಲಿನ ಮೆಟ್ಟಿಲು, ಮೊಳಗದ ರಾಷ್ಟ್ರಗೀತೆ? ಅದನ್ನ ಯಾರು ವಾಪಸ್ ಕೊಡ್ತಾರೆ? ಮೋಸಕ್ಕೆ ಶಿಕ್ಷೆ ಕೊಡಬಹುದು, ಕಳೆದ ಗಳಿಗೆಯನ್ನು ಕೊಡಕ್ಕಾಗಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಪ್ರಸಂಗಕ್ಕೆ ಅನುಕೂಲ. ಆದರೆ ಅದು ಅರ್ಧ ಕಥೆ. 2022ರಲ್ಲಿ ಪೂವಮ್ಮನವರಿಗೇ, ಬೇರೊಂದು ಪರೀಕ್ಷೆಯ ಕಾರಣಕ್ಕೆ, 2 ವರ್ಷ ನಿಷೇಧ ಬಿತ್ತು. ಅದರಿಂದ ಜಕಾರ್ತದ ಚಿನ್ನ ಸುಳ್ಳಾಗಲಿಲ್ಲ. ಅಡೆಕೊಯಾಗೆ ಸಲೀಸಾಗಿ ಬೈದ ನಮ್ಮ ನಾಲಿಗೆ ಮಾತ್ರ ಇಲ್ಲಿ ತಡವರಿಸುತ್ತೆ. ಯಾಕೆ, ನಮ್ಮವರು ಅಂತಲಾ?

ಪೌಲನು ಕೊರಿಂಥದವರಿಗೆ ಓಟದ ಉದಾಹರಣೆ ಬರೆದಾಗ ಪಕ್ಕದ ಓಟಗಾರನ ಕಡೆ ಬೆರಳು ತೋರಿಸಲಿಲ್ಲ. ಎಲ್ಲರಿಗೂ ಸಾರಿದ ಮೇಲೆ ತಾನೇ ಅನರ್ಹನಾದರೆ ಅನ್ನೋ ಭಯವನ್ನ ಅದೇ ಮಾತಿನ ಕೊನೆಗೆ ಬರೆದಿದ್ದಾನೆ.