‘ಹೌದು’ ಎಂದವರು ಯಾರು?

ವಿಧಾನಸಭೆಯ ಒಂದು ದಿನದ ಕಲಾಪದ ಪಟ್ಟಿಯನ್ನು ಓದುವುದು ರಂಜನೆಯ ಕೆಲಸವೇನೂ ಅಲ್ಲ. ಪ್ರಶ್ನೋತ್ತರ, ಸದನದ ಮುಂದಿಡುವ ಕಾಗದಪತ್ರಗಳು, ಗಮನ ಸೆಳೆಯುವ ಸೂಚನೆಗಳು, ಮಸೂದೆಗಳು. ಕೆರೆಯ ಹೂಳು, ಶಾಲೆಯ ಸೂರು, ಬಸ್ಸು ಬಾರದ ಊರು ಇವುಗಳ ಮೇಲೆ ಬಿಸಿಬಿಸಿ ಮಾತು ನಡೆಯುತ್ತದೆ. ಮರುದಿನ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವುದೂ ಆ ಬಿಸಿಯೇ. ನಮ್ಮ ಬಾಳನ್ನು ನಿಜವಾಗಿ ಮುಟ್ಟುವ ಗಳಿಗೆ ಬೇರೆಯದು. ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕುತ್ತಾರೆ, ಒಂದು ಕಡೆಯಿಂದ ‘ಹೌದು’, ಇನ್ನೊಂದು ಕಡೆಯಿಂದ ‘ಇಲ್ಲ’ ಎಂಬ ದನಿ ಏಳುತ್ತದೆ, ಮಸೂದೆ ಅಂಗೀಕಾರವಾಗುತ್ತದೆ. ಇದಕ್ಕೆ ಧ್ವನಿಮತವೆಂದು ಹೆಸರು.

ಈ ‘ಹೌದು’ ಯಾರದು? ಯಾರೂ ಮತವಿಭಜನೆ ಕೇಳದಿದ್ದರೆ ಹೌದೆಂದವರು ಯಾರು, ಇಲ್ಲವೆಂದವರು ಯಾರು ಎಂಬುದು ನಡವಳಿಯಲ್ಲಿ ದಾಖಲಾಗುವುದಿಲ್ಲ. ಸದನದ 224 ಸದಸ್ಯರಲ್ಲಿ ಹತ್ತನೆಯ ಒಂದು ಪಾಲು, ಎಂದರೆ 23 ಮಂದಿ, ಇದ್ದರೆ ಕೋರಂ ಆಯಿತು. ಹಾಜರಿದ್ದು ಮತ ನೀಡುವವರ ಬಹುಮತ ಸಾಕು. ಬರಿಯ ಲೆಕ್ಕಕ್ಕೆ ಹೇಳುವುದಾದರೆ ಹನ್ನೆರಡು ಕೊರಳುಗಳ ‘ಹೌದು’ ಇಡೀ ನಾಡಿನ ಕಟ್ಟಳೆಯಾಗಬಲ್ಲದು.

ಅದರ ಭಾರವಾದರೂ ಸಣ್ಣದೆ? ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವನು ಒಡೆತನಕ್ಕೆ ಅರ್ಜಿ ಹಾಕುವಂತಾಯಿತು. ಒಂದು ಮನೆಗೆ ನೆಲ ಬಂತು, ಇನ್ನೊಂದು ಮನೆಯಿಂದ ಹೋಯಿತು. ಆ ಶಾಸನ ನ್ಯಾಯವಾದುದೆಂದೇ ನನ್ನ ಎಣಿಕೆ. ಆದರೆ ನ್ಯಾಯವಾದ ಮಾತಿಗೂ ಅದನ್ನು ಆಡಿದವನೊಬ್ಬ ಇರಬೇಕು. ನೆಲ ಕಳೆದುಕೊಂಡವನು ‘ಏಕೆ?’ ಎಂದರೆ ಮುಖಕ್ಕೆ ಮುಖ ಕೊಟ್ಟು ಹೇಳಬೇಕು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದಾಗ ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸದಸ್ಯರು ಆಡಳಿತದ ವರದಿ ಕೇಳಿ, ತಮ್ಮ ಕಡೆಯ ಕುಂದುಕೊರತೆ ಹೇಳಿಕೊಳ್ಳಬಹುದಿತ್ತು, ಅಷ್ಟೆ. ಅವರಿಗೆ ಮಾತಿತ್ತು, ಮತವಿರಲಿಲ್ಲ. ಇಂದಿನ ಸದಸ್ಯನಿಗೆ ಮತವಿದೆ. ಮಾತನ್ನು ಅವನು ಬಿಟ್ಟುಕೊಟ್ಟರೂ ಕೇಳುವವರಿಲ್ಲ.

‘ಪಕ್ಷದ ಆಜ್ಞೆ ಇದೆಯಲ್ಲ’ ಎನ್ನಬಹುದು. ಅದು ತಳ್ಳಿಹಾಕುವ ಮಾತಲ್ಲ. 1967ರ ‘ಆಯಾರಾಂ ಗಯಾರಾಂ’ ದಿನಗಳನ್ನು ಕಂಡ ದೇಶ 1985ರಲ್ಲಿ ಪಕ್ಷಾಂತರಕ್ಕೆ ಕಟ್ಟುಹಾಕಿತು. ಪಕ್ಷದ ಚಿಹ್ನೆಯಿಂದ ಗೆದ್ದವನು ಮರುದಿನವೇ ತನ್ನ ದಾರಿ ಹಿಡಿದರೆ ಮತದಾರನಿಗೆ ಮೋಸವೇ ಸರಿ. ಆದರೆ ವಿಪ್ಪು ಕಟ್ಟುವುದು ಮತವನ್ನು. ಸದನದಲ್ಲಿ ಆಡಿದ ಮಾತಿಗೆ ನ್ಯಾಯಾಲಯದ ಭಯವಿಲ್ಲವೆಂದು ಸಂವಿಧಾನದ 194ನೆಯ ವಿಧಿ ಅಭಯ ಕೊಟ್ಟಿದೆ. ‘ಪಕ್ಷಕ್ಕಾಗಿ ಒಪ್ಪುತ್ತೇನೆ, ಆದರೆ ಈ ಖಂಡದಲ್ಲಿ ಈ ಅನ್ಯಾಯವಿದೆ’ ಎಂದು ಎದ್ದು ಹೇಳಿದವನು ಕಡೆಗೆ ಸೋತರೂ, ಅವನ ಮಾತು ನಡವಳಿಯಲ್ಲಿ ಉಳಿದು ಮುಂದಿನ ತಿದ್ದುಪಡಿಗೆ ಬೀಜವಾಗಬಹುದು.

ಗುಂಪಿನಲ್ಲಿ ಹೇಳಿದರೆ ಹೊಣೆ ಹಂಚಿಹೋಗುತ್ತದೆಂಬುದು ನಮ್ಮ ಭ್ರಮೆ. ಹತ್ತು ಜನ ಕೂಡಿ ಒಂದು ಸಾಲಕ್ಕೆ ಜಾಮೀನು ನಿಂತರೆ, ಕೊಟ್ಟವನು ಪೂರ್ತಿ ಹಣವನ್ನು ಯಾವನೊಬ್ಬನ ಬಾಗಿಲಲ್ಲಾದರೂ ಕೇಳಬಹುದು. ಸದನದ ‘ಹೌದು’ ಅಂಥದು; ಅದನ್ನು ಎಷ್ಟು ಜನ ಕೂಗಿದರೂ ಒಬ್ಬೊಬ್ಬನ ಪಾಲಿಗೆ ಬರುವುದು ಇಡಿಯ ಭಾರವೇ.

ಹೊಣೆ ಅವರೊಬ್ಬರದೇ ಅಲ್ಲ. ಶಾಸಕರು ಊರಿಗೆ ಬಂದಾಗ ನಾವು ಕೇಳುವುದು ರಸ್ತೆ, ವರ್ಗಾವಣೆ; ಮದುವೆಗೆ ಬರಲಿಲ್ಲವೆಂದು ಮುನಿಯುತ್ತೇವೆ. ‘ಸ್ವಾಮಿ, ಆ ಮಸೂದೆಯನ್ನು ತಾವು ಓದಿದ್ದಿರಾ? ಏಕೆ ಹೌದೆಂದಿರಿ?’ ಎಂದು ಕೇಳುವವರು ಎಷ್ಟು ಮಂದಿ? ಆ ಪ್ರಶ್ನೆ ಊರ ಜಗಲಿಯಲ್ಲಿ ತಮಗಾಗಿ ಕಾದಿದೆಯೆಂದು ತಿಳಿದ ದಿನ ಸದನದಲ್ಲಿ ಕೊರಳೆತ್ತುವ ಮುನ್ನ ಅವರು ಮಸೂದೆಯ ಹಾಳೆಯನ್ನು ಒಮ್ಮೆ ತಿರುವಿ ನೋಡಿಯಾರು.