ಕಳಿಸಿದವರು, ಸತ್ತವರು

ಗಾಳಿಯ ದಿನ ದೋಣಿ ಮುಳುಗಿದರೆ ನಮ್ಮ ತದಡಿಯಲ್ಲಿ, ಕಡಲಿಗೆ ಕಳಿಸಿದ ಯಜಮಾನನನ್ನು ಬೈಯುತ್ತಲೇ ಶವ ಹುಡುಕುತ್ತೇವೆ. ದೇಶ ಕಳಿಸಿದವರ ವಿಷಯದಲ್ಲಿ ಇದು ನಮಗೇಕೆ ಕಷ್ಟ?

1990ರ ಮಾರ್ಚ್‌ನಲ್ಲಿ ಶ್ರೀಲಂಕಾದಿಂದ ಭಾರತದ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಮದರಾಸಿಗೆ ಮರಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರ ಸಿಟ್ಟಿಗೆ ಕಾರಣವಿತ್ತು. 1987ರ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರೂ ರೋಗಿಗಳೂ ಈ ಪಡೆಯ ಗುಂಡಿಗೆ ಬಲಿಯಾಗಿದ್ದರು. ಅದನ್ನು ಮರೆಯಿರಿ ಎನ್ನಲು ನಾವು ಯಾರು? ಆದರೆ ಅಲ್ಲಿ ಸತ್ತ ಸುಮಾರು 1,200 ಯೋಧರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವನು ಒಬ್ಬನೂ ಇರಲಿಲ್ಲ. ಅವರ ತಾಯಂದಿರ ಬಳಿ ಕೂತು ಅತ್ತರೆ ಯುದ್ಧಕ್ಕೆ ಹೂಂಗುಟ್ಟಿದಂತಾಗದು. ಹುತಾತ್ಮರೆಂದು ಹಾರ ಹಾಕಿ, ಕಳಿಸಿದ್ದೇಕೆಂದು ಕೇಳುವವರ ಬಾಯಿ ಮುಚ್ಚಿಸುವುದೂ ನಮಗೆ ಒಪ್ಪಿಗೆಯಿಲ್ಲ. ಅವರಿಗೆ ಶ್ರೀಲಂಕಾ ಸರಕಾರವೇ ಕೊಲಂಬೊ ಬಳಿ ಸ್ಮಾರಕ ಕಟ್ಟಿತು.